ಮೋಟಾರಿನ ಮೇಲೆ 1440 ಅಂತ ಯಾಕೆ ಬರೆದಿರುತ್ತಾರೆ?

ಇಂಡಕ್ಷನ್ ಮೋಟಾರಿನ ಮೈಮೇಲೆ ಒಂದು ಸಣ್ಣ ತಗಡು ಇರುತ್ತದೆ. ನೇಮ್‌ಪ್ಲೇಟ್. ಕಿಲೋವ್ಯಾಟ್, ವೋಲ್ಟೇಜ್, ಆಂಪಿಯರ್‌ಗಳ ಜೊತೆ ಅಲ್ಲಿ ಆರ್‌ಪಿಎಂ ಅಂತ ಇನ್ನೊಂದು ಅಂಕಿಯೂ ಇರುತ್ತದೆ. ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ ಅದು. 50 ಹರ್ಟ್ಜ್ ವಿದ್ಯುತ್ತಿನಲ್ಲಿ ಓಡುವ ಹತ್ತಾರು ಮೋಟಾರುಗಳ ತಗಡುಗಳನ್ನು ಸಾಲಾಗಿ ಓದುತ್ತಾ ಹೋಗಿ. 2880, 1440, 960, 720. ಬೇರೆ ಬೇರೆ ಕಂಪನಿ, ಬೇರೆ ಬೇರೆ ಗಾತ್ರ. ಆದರೂ ಅಂಕಿಗಳು ಈ ನಾಲ್ಕರ ಆಸುಪಾಸಿನಲ್ಲೇ ಸುಳಿಯುತ್ತವೆ. 2000 ಸುತ್ತಿನ ಇಂಡಕ್ಷನ್ ಮೋಟಾರು ಬೇಕು, ನೇರವಾಗಿ ಲೈನಿಗೆ ಜೋಡಿಸುತ್ತೇನೆ ಅಂದರೆ ಅಂಥದ್ದು ಸಿಗುವುದೇ ಇಲ್ಲ.

ಮೊದಮೊದಲು ನನಗೆ ಇದು ತಲೆಗೆ ಹತ್ತುತ್ತಿರಲಿಲ್ಲ. ಎಚ್‌ಪಿ ಜಾಸ್ತಿ ಇದ್ದರೆ ಮೋಟಾರು ಜೋರಾಗಿ ತಿರುಗುತ್ತದೆ ಅಂದುಕೊಂಡಿದ್ದೆ. ಅದು ತಪ್ಪು. 1 ಎಚ್‌ಪಿ ಮೋಟಾರು 2880ರಲ್ಲಿ ಓಡಬಹುದು, 100 ಎಚ್‌ಪಿಯದು 1480ರಲ್ಲಿ ಓಡಬಹುದು. ವೇಗವನ್ನು ಕಟ್ಟಿಹಾಕುವುದು ಎರಡೇ ಎರಡು: ಮೋಟಾರಿನೊಳಗೆ ಎಷ್ಟು ಪೋಲ್, ಅಂದರೆ ಆಯಸ್ಕಾಂತದ ಧ್ರುವಗಳು, ಇವೆ, ಅದಕ್ಕೆ ಬರುವ ವಿದ್ಯುತ್ತಿನ ಫ್ರೀಕ್ವೆನ್ಸಿ ಎಷ್ಟು. ಅದಾದ ಮೇಲೆ ಸ್ವಲ್ಪ ಹಿಂದೆ ಬೀಳುವುದೊಂದು ಉಳಿಯುತ್ತದೆ. 1500 ಇರಬೇಕಾದದ್ದು 1440 ಆಗುವುದು ಆ ಹಿಂದೆ ಬೀಳುವಿಕೆಯಿಂದ. ನನ್ನ ಮಟ್ಟಿಗೆ ಇಡೀ ಮೋಟಾರಿನಲ್ಲಿ ಅತ್ಯಂತ ಸ್ವಾರಸ್ಯದ ಸಂಗತಿ ಆ 60 ಸುತ್ತಿನ ಕೊರತೆಯೇ.

ನಿಂತಲ್ಲೇ ನಿಂತು ಓಡುವ ಆಯಸ್ಕಾಂತ

ಮೋಟಾರಿನ ಹೊರಗಿನ, ಅಲುಗಾಡದ ಭಾಗ ಸ್ಟೇಟರ್. ಅದರ ಒಳಗೋಡೆಯಲ್ಲಿ ಸ್ಲಾಟ್ ಅನ್ನುವ ಸೀಳುಗಳಿರುತ್ತವೆ, ಅವುಗಳಲ್ಲಿ ತಾಮ್ರದ ಕಾಯಿಲ್‌ಗಳನ್ನು ಕೂರಿಸಿರುತ್ತಾರೆ. ನಡುವೆ ಷಾಫ್ಟಿನ ಜೊತೆ ತಿರುಗುವುದು ರೋಟರ್. ತ್ರೀ ಫೇಸ್ ಮೋಟಾರಿನಲ್ಲಿ ಕಾಯಿಲ್‌ಗಳ ಮೂರು ಗುಂಪು ಇರುತ್ತವೆ, ಒಂದೊಂದು ಫೇಸಿಗೆ ಒಂದೊಂದು. ಮೂರು ಫೇಸಿನ ಕರೆಂಟುಗಳೂ ಒಟ್ಟಿಗೆ ಏರುವುದಿಲ್ಲ. ಒಂದು ತುದಿ ಮುಟ್ಟಿ ಇಳಿಯುತ್ತಿರುವಾಗ ಮುಂದಿನದು ಏರುತ್ತಿರುತ್ತದೆ, ಅದರ ಹಿಂದೆ ಮೂರನೆಯದು.

ಸೀರಿಯಲ್ ಲೈಟನ್ನು ನೆನಪಿಸಿಕೊಳ್ಳಿ. ಒಂದು ಬಲ್ಬೂ ಜಾಗ ಬಿಟ್ಟು ಕದಲುವುದಿಲ್ಲ. ಆದರೆ ಒಂದಾದ ಮೇಲೆ ಒಂದು ಹೊತ್ತಿಕೊಂಡಾಗ ಬೆಳಕು ಸಾಲಿನುದ್ದಕ್ಕೂ ಓಡಿದ ಹಾಗೆ ಕಾಣುತ್ತದೆ. ಸ್ಟೇಟರ್ ಒಳಗೂ ಹೀಗೆಯೇ. ಕಾಯಿಲ್‌ಗಳು ನಿಂತಲ್ಲೇ ಇರುತ್ತವೆ. ಅವು ಸರದಿಯ ಮೇಲೆ ಬಲಗೊಳ್ಳುವುದರಿಂದ ಉತ್ತರ ಧ್ರುವ, ದಕ್ಷಿಣ ಧ್ರುವ ಎರಡೂ ಒಳಗೋಡೆಯ ಗುಂಟ ಸುತ್ತುತ್ತಾ ಹೋಗುತ್ತವೆ. ಬಲ್ಬಿನ ಸಾಲಿನಲ್ಲಿ ಓಟ ಬರೀ ಕಣ್ಣಿನ ಭ್ರಮೆ. ಇಲ್ಲಿ ಮಾತ್ರ ಕಾಂತಕ್ಷೇತ್ರ ನಿಜವಾಗಿಯೂ ತಿರುಗುತ್ತದೆ. ಒಳಗೆ ಒಂದು ದಿಕ್ಸೂಚಿಯನ್ನು ಇಟ್ಟು ಫ್ರೀಕ್ವೆನ್ಸಿಯನ್ನು ತೀರಾ ನಿಧಾನ ಮಾಡಿದರೆ ಮುಳ್ಳು ಅದರ ಹಿಂದೆಯೇ ಸುತ್ತುತ್ತದೆ. ಮೂರರಲ್ಲಿ ಯಾವುದಾದರೂ ಎರಡು ಫೇಸಿನ ವೈರುಗಳನ್ನು ಅದಲು ಬದಲು ಮಾಡಿದರೆ ಸರದಿ ತಿರುವುಮುರುವಾಗುತ್ತದೆ, ಮೋಟಾರು ಉಲ್ಟಾ ತಿರುಗುತ್ತದೆ.

ಹೀಗೆ ಕ್ಷೇತ್ರ ತಿರುಗುವಂತೆ ಮಾಡಬಹುದು ಅಂತ ಇಟಲಿಯ ಟ್ಯೂರಿನ್‌ನ ಗೆಲಿಲಿಯೊ ಫೆರಾರಿಸ್ ಮತ್ತು ಅಮೆರಿಕದಲ್ಲಿದ್ದ ನಿಕೊಲಾ ಟೆಸ್ಲಾ ಇಬ್ಬರೂ ಬೇರೆ ಬೇರೆಯಾಗಿ ಕಂಡುಕೊಂಡರು. ಫೆರಾರಿಸ್ ತನ್ನ ಕೆಲಸವನ್ನು ಪ್ರಕಟಿಸಿದ್ದೂ, ಟೆಸ್ಲಾಗೆ ಪೇಟೆಂಟ್ ಸಿಕ್ಕಿದ್ದೂ 1888ರಲ್ಲೇ. ಮರುವರ್ಷ ಮಿಖಾಯಿಲ್ ಡೊಲಿವೊ ಡೊಬ್ರೊವೊಲ್ಸ್ಕಿ ಮೂರು ಫೇಸಿನ ಮೋಟಾರಿಗೆ ಪಂಜರದಂಥ ರೋಟರ್ ಕೂರಿಸಿದರು. ಇವತ್ತು ಪಂಪಿನಲ್ಲೂ ಕಂಪ್ರೆಸರಿನಲ್ಲೂ ಓಡುತ್ತಿರುವುದು ಹೆಚ್ಚುಕಮ್ಮಿ ಅದೇ ಮೋಟಾರು.

ಒಂದು ಸೈಕಲ್, ಒಂದು ಹೆಜ್ಜೆ

ಈಗ ಪೋಲ್‌ಗೆ ಬರೋಣ. ಬಹಳ ಜನ ಸೂತ್ರವನ್ನು ಬಾಯಿಪಾಠ ಮಾಡಿ ಇಲ್ಲಿಂದ ಮುಂದೆ ದಾಟಿಬಿಡುತ್ತಾರೆ. ಹಾಗೆ ಮಾಡಬೇಡಿ, ಇದು ನಿಜಕ್ಕೂ ಸುಲಭ.

ಎಸಿ ಕರೆಂಟು ಒಂದು ಸಲ ಏರಿ, ಇಳಿದು, ಉಲ್ಟಾ ಹೋಗಿ, ಮತ್ತೆ ಸೊನ್ನೆಗೆ ಬಂದರೆ ಅದು ಒಂದು ಸೈಕಲ್. 50 ಹರ್ಟ್ಜ್ ಅಂದರೆ ಸೆಕೆಂಡಿಗೆ 50 ಸೈಕಲ್. ಒಂದು ಸೈಕಲ್ ಮುಗಿಯುವಷ್ಟರಲ್ಲಿ ಕಾಂತಕ್ಷೇತ್ರ ಒಂದು ಹೆಜ್ಜೆ ಮುಂದೆ ಹೋಗಿರುತ್ತದೆ ಅಂತ ಇಟ್ಟುಕೊಳ್ಳಿ. ಆ ಹೆಜ್ಜೆ ಎಷ್ಟು ಉದ್ದ? ಒಂದು ಉತ್ತರ ಧ್ರುವದಿಂದ ಮುಂದಿನ ಉತ್ತರ ಧ್ರುವದವರೆಗೆ. ಅಂದರೆ ಒಂದು ಉತ್ತರ, ಒಂದು ದಕ್ಷಿಣ, ಇಷ್ಟು ಹರಡಿರುವ ಜಾಗ.

ಎರಡು ಪೋಲಿನ ಮೋಟಾರಿನಲ್ಲಿ ಇಡೀ ಸುತ್ತಿಗೆ ಇರುವುದು ಒಂದೇ ಉತ್ತರ, ಒಂದೇ ದಕ್ಷಿಣ. ಹಾಗಾಗಿ ಒಂದು ಹೆಜ್ಜೆ ಅಂದರೆ ಒಂದು ಪೂರ್ತಿ ಸುತ್ತು. ನಾಲ್ಕು ಪೋಲ್ ಇದ್ದರೆ ಅದೇ ಸುತ್ತಿನಲ್ಲಿ ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಅಂತ ಎರಡು ಜೋಡಿ ಹಿಡಿಸಬೇಕು. ಹೆಜ್ಜೆ ಅರ್ಧಕ್ಕೆ ಇಳಿಯಿತು. ಒಂದು ಸುತ್ತು ಮುಗಿಸಲು ಎರಡು ಹೆಜ್ಜೆ ಬೇಕು. ಆರು ಪೋಲ್ ಇದ್ದರೆ ಮೂರು ಹೆಜ್ಜೆ, ಎಂಟು ಇದ್ದರೆ ನಾಲ್ಕು.

ಹೆಜ್ಜೆ ಹಾಕುವ ಚುರುಕು ಮಾತ್ರ ಎಲ್ಲದರಲ್ಲೂ ಒಂದೇ. ಸೆಕೆಂಡಿಗೆ 50, ಅಂದರೆ ನಿಮಿಷಕ್ಕೆ 3000. ಪೋಲ್ ಜಾಸ್ತಿ ಆದಷ್ಟೂ ಹೆಜ್ಜೆ ಚಿಕ್ಕದು, ಸುತ್ತು ನಿಧಾನ. ಎರಡು ಪೋಲಿಗೆ 3000, ನಾಲ್ಕಕ್ಕೆ 1500, ಆರಕ್ಕೆ 1000, ಎಂಟಕ್ಕೆ 750, ಹತ್ತಕ್ಕೆ 600, ಹನ್ನೆರಡಕ್ಕೆ 500. ಇದಕ್ಕೆ ಸಿಂಕ್ರೊನಸ್ ವೇಗ ಅನ್ನುತ್ತಾರೆ. ಪುಸ್ತಕದಲ್ಲಿ ಬರುವ ಸೂತ್ರ ಹೇಳುವುದೂ ಇಷ್ಟನ್ನೇ:

ಸಿಂಕ್ರೊನಸ್ ವೇಗ = 120 × ಫ್ರೀಕ್ವೆನ್ಸಿ ÷ ಪೋಲ್‌ಗಳ ಸಂಖ್ಯೆ

ಈ 120 ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಳ್ಳುವವರು ಬಹಳ. ಸೆಕೆಂಡನ್ನು ನಿಮಿಷ ಮಾಡಲು ಒಂದು 60. ಜೋಡಿಗಳ ಬದಲು ಪೋಲ್‌ಗಳನ್ನು ಬಿಡಿಬಿಡಿಯಾಗಿ ಎಣಿಸುವುದರಿಂದ ಒಂದು 2. ಎರಡನ್ನೂ ಗುಣಿಸಿದರೆ 120. ಬೇರೆ ಗುಟ್ಟು ಇಲ್ಲ.

2000 ಸುತ್ತಿನ ಮೋಟಾರು ಯಾಕೆ ಸಿಗುವುದಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. 2000 ಬರಬೇಕಾದರೆ ಮೂರು ಪೋಲ್ ಬೇಕು. ಉತ್ತರ ಇದ್ದಲ್ಲಿ ದಕ್ಷಿಣ ಇರಲೇಬೇಕು, ಆದ್ದರಿಂದ ಪೋಲ್‌ಗಳು ಯಾವಾಗಲೂ ಜೋಡಿಯಲ್ಲೇ ಬರುತ್ತವೆ. ಎರಡರ ನಂತರ ನೇರ ನಾಲ್ಕು. 3000ದ ನಂತರ ನೇರ 1500. ನಡುವೆ ಮೆಟ್ಟಿಲೇ ಇಲ್ಲ. ಹಾಗೆಯೇ 3000ಕ್ಕಿಂತ ಮೇಲೂ ಏನೂ ಇಲ್ಲ, ಎರಡಕ್ಕಿಂತ ಕಡಿಮೆ ಪೋಲ್ ಇರಲು ಸಾಧ್ಯವಿಲ್ಲವಲ್ಲ. ಕೈಯಲ್ಲಿ ಹಿಡಿಯುವ ಡ್ರಿಲ್ ಅದಕ್ಕಿಂತ ಎಷ್ಟೋ ಜೋರಾಗಿ ಕಿರುಚುತ್ತದೆ ಅಲ್ವಾ ಅಂತ ಕೇಳಬಹುದು. ಅದರೊಳಗೆ ಇರುವುದು ಸಾಮಾನ್ಯವಾಗಿ ಕಾರ್ಬನ್ ಬ್ರಷ್ ಇರುವ ಬೇರೆ ಜಾತಿಯ ಮೋಟಾರು. ಅದಕ್ಕೆ ಈ ಕಟ್ಟುಪಾಡು ಅನ್ವಯಿಸುವುದಿಲ್ಲ.

ಪೋಲ್‌ಗಳನ್ನು ಎಲ್ಲಿ ನೋಡಬಹುದು? ಸ್ಟೇಟರ್ ಬಿಚ್ಚಿದರೆ ಉಬ್ಬಿಕೊಂಡ ನಾಲ್ಕು ಆಯಸ್ಕಾಂತಗಳೇನೂ ಕಾಣುವುದಿಲ್ಲ. ಒಂದೇ ಸಮನೆ ಸಾಲಾದ ಸ್ಲಾಟ್‌ಗಳು, ಅವುಗಳಿಂದ ಹೊರಬಂದು ಬಾಗಿದ ಕಾಯಿಲ್‌ಗಳು ಕಾಣುತ್ತವೆ. ಪೋಲ್ ಇರುವುದು ಕಾಯಿಲ್‌ಗಳನ್ನು ಹಾಕಿ ಜೋಡಿಸಿದ ರೀತಿಯಲ್ಲಿ. 36 ಸ್ಲಾಟ್ ಇರುವ ಸ್ಟೇಟರನ್ನು ತೆಗೆದುಕೊಳ್ಳಿ. ನಾಲ್ಕು ಪೋಲ್ ಬೇಕಾದರೆ ಪೋಲಿಗೆ 9 ಸ್ಲಾಟ್. ಕಾಯಿಲಿನ ಒಂದು ಬದಿ 1ನೇ ಸ್ಲಾಟಿನಲ್ಲಿ ಕೂತರೆ ಇನ್ನೊಂದು ಬದಿ 10ರಲ್ಲಿ ಕೂರುತ್ತದೆ, ಇಲ್ಲವೇ ಅದಕ್ಕಿಂತ ಒಂದೆರಡು ಸ್ಲಾಟ್ ಹಿಂದೆ. ಆರು ಪೋಲ್ ಆದರೆ 1ರಿಂದ 7. ಎರಡು ಪೋಲ್ ಆದರೆ ಕಾಯಿಲ್ ಹೆಚ್ಚುಕಮ್ಮಿ ಅರ್ಧ ವೃತ್ತವನ್ನೇ ದಾಟಬೇಕು. ತಗಡು ಕಿತ್ತುಹೋದ ಮೋಟಾರು ಬಂದಾಗ ರಿವೈಂಡಿಂಗ್ ಮಾಡುವವರು ಕಾಯಿಲ್ ಎಷ್ಟು ಸ್ಲಾಟ್ ದಾಟಿದೆ ಅಂತ ಎಣಿಸಿ ಪೋಲ್ ಎಷ್ಟು ಅಂತ ಹೇಳುವುದು ಈ ಲೆಕ್ಕದಿಂದಲೇ.

ಹಾಗಾದರೆ ರಿವೈಂಡ್ ಮಾಡುವಾಗ ನಾಲ್ಕು ಪೋಲಿನದನ್ನು ಎರಡಕ್ಕೆ ಇಳಿಸಿ ವೇಗ ಎರಡರಷ್ಟು ಮಾಡಿಕೊಳ್ಳಬಹುದಲ್ಲ? ಕೇಳಲು ಚೆನ್ನಾಗಿದೆ, ಆದರೆ ಕಬ್ಬಿಣ ಬಿಡುವುದಿಲ್ಲ. ಪೋಲ್ ಕಡಿಮೆಯಾದರೆ ಒಂದೊಂದು ಪೋಲಿನ ಕಾಂತರೇಖೆಗಳೂ ಜಾಸ್ತಿ. ಅವೆಲ್ಲ ಸ್ಲಾಟುಗಳ ಹಿಂದಿರುವ ಕಬ್ಬಿಣದ ಪಟ್ಟಿಯ ಮೂಲಕವೇ ಸುತ್ತಿ ವಾಪಸ್ ಬರಬೇಕು. ನಾಲ್ಕು ಪೋಲಿಗೆ ಅಂತ ಅಳೆದು ಮಾಡಿದ ಪಟ್ಟಿ ಎರಡು ಪೋಲಿಗೆ ತೆಳುವಾಗುತ್ತದೆ. ಕಬ್ಬಿಣ ತುಂಬಿಹೋಗಿ ಕರೆಂಟು ಏರುತ್ತದೆ, ಮೋಟಾರು ಸುಮ್ನೆ ಬಿಸಿಯಾಗುತ್ತದೆ. ಹೊಸ ಪೋಲಿಗೆ ತಕ್ಕ ಲೆಕ್ಕ ಹಾಕದೆ ಇಂಥದಕ್ಕೆ ಕೈ ಹಾಕಬಾರದು.

ಆ 60 ಸುತ್ತು ಎಲ್ಲಿ ಹೋಯಿತು

ಇಷ್ಟು ಹೊತ್ತು ಹೇಳಿದ್ದು ಕಾಂತಕ್ಷೇತ್ರದ ವೇಗ. ರೋಟರಿನ ಕಥೆ ಬೇರೆ.

ಪಂಜರದ ರೋಟರಿಗೆ ಹೊರಗಿನಿಂದ ಒಂದು ವೈರೂ ಬರುವುದಿಲ್ಲ. ಕಬ್ಬಿಣದ ಉರುಳೆಯೊಳಗೆ ಅಲ್ಯೂಮಿನಿಯಂ ಅಥವಾ ತಾಮ್ರದ ಕಂಬಿಗಳು. ಎರಡೂ ತುದಿಯಲ್ಲಿ ಅವನ್ನೆಲ್ಲ ಬೆಸೆದ ಉಂಗುರ. ಅಷ್ಟೇ. ಕಾಂತಕ್ಷೇತ್ರ ಈ ಕಂಬಿಗಳನ್ನು ಸವರಿಕೊಂಡು ಹೋದಾಗ ಅವುಗಳಲ್ಲಿ ಕರೆಂಟು ಹುಟ್ಟುತ್ತದೆ. ಆ ಕರೆಂಟು ಮತ್ತು ಕ್ಷೇತ್ರ ಸೇರಿ ಕಂಬಿಗಳನ್ನು ತಳ್ಳುತ್ತವೆ. ರೋಟರ್ ಕ್ಷೇತ್ರದ ಹಿಂದೆ ಓಡತೊಡಗುತ್ತದೆ. ಇದರ ಹೊಳಹು ಮೋಟಾರಿಗಿಂತ ಎಷ್ಟೋ ಹಳೆಯದು. 1824ರಲ್ಲಿ ಫ್ರಾನ್ಸಿನ ಫ್ರಾನ್ಸ್ವಾ ಅರಾಗೊ ಒಂದು ತಾಮ್ರದ ತಟ್ಟೆಯನ್ನು ತಿರುಗಿಸಿದಾಗ ಅದರ ಮೇಲೆ ತೂಗುಬಿಟ್ಟ ಆಯಸ್ಕಾಂತದ ಮುಳ್ಳೂ ತಿರುಗುವುದನ್ನು ತೋರಿಸಿದ್ದರು. ತಾಮ್ರ ಆಯಸ್ಕಾಂತಕ್ಕೆ ಅಂಟುವ ಲೋಹವೇ ಅಲ್ಲ. ಹಾಗಾಗಿ ಎಲ್ಲರಿಗೂ ಅದು ಒಗಟಾಗಿತ್ತು. 1831ರಲ್ಲಿ ಫ್ಯಾರಡೆ ವಿದ್ಯುತ್ ಪ್ರೇರಣೆಯನ್ನು ಕಂಡುಹಿಡಿದ ಮೇಲೆ ಒಗಟು ಬಗೆಹರಿಯಿತು. ತಟ್ಟೆಯಲ್ಲಿ ಹುಟ್ಟಿದ ಕರೆಂಟು ಮುಳ್ಳನ್ನು ಎಳೆಯುತ್ತಿತ್ತು.

ಈಗ ಊಹಿಸಿಕೊಳ್ಳಿ. ರೋಟರ್ ಓಡಿ ಓಡಿ ಕ್ಷೇತ್ರವನ್ನು ಹಿಡಿದೇಬಿಟ್ಟಿತು, ಎರಡೂ 1500ರಲ್ಲಿ ಜೊತೆಜೊತೆಯಾಗಿ ತಿರುಗುತ್ತಿವೆ. ಆಗ ಕಂಬಿಗಳ ಮೇಲೆ ಕ್ಷೇತ್ರ ಸವರಿ ಹೋಗುವುದೇ ಇಲ್ಲ. ಕಂಬಿಯ ಕಣ್ಣಿಗೆ ಕ್ಷೇತ್ರ ನಿಂತಂತೆ. ಕರೆಂಟು ಹುಟ್ಟುವುದಿಲ್ಲ, ತಳ್ಳುವ ಬಲ ಇಲ್ಲ. ಬೇರಿಂಗಿನ ಘರ್ಷಣೆ, ಫ್ಯಾನಿನ ಗಾಳಿ ಇವೇ ಸಾಕು, ರೋಟರ್ ತುಸು ಹಿಂದೆ ಬೀಳುತ್ತದೆ. ಹಿಂದೆ ಬಿದ್ದ ಕ್ಷಣವೇ ಕರೆಂಟು ಹುಟ್ಟುತ್ತದೆ, ಬಲ ಬರುತ್ತದೆ. ಎಷ್ಟು ಬಲ ಬೇಕೋ ಅಷ್ಟು ಹಿಂದೆ ಬಿದ್ದು ಅಲ್ಲಿ ನೆಲೆ ನಿಲ್ಲುತ್ತದೆ. ಈ ಹಿಂದೆ ಬೀಳುವಿಕೆಗೇ ಸ್ಲಿಪ್ ಅನ್ನುವುದು.

1500ರಲ್ಲಿ 60 ಕಡಿಮೆ ಅಂದರೆ ನೂರಕ್ಕೆ 4. ಲೋಡೇ ಇಲ್ಲದಾಗ ಅದೇ ಮೋಟಾರು 1495ರ ಹತ್ತಿರ ಓಡುತ್ತಿರಬಹುದು. ಅರ್ಧ ಲೋಡಿಗೆ 1470ರ ಆಸುಪಾಸು. ಪೂರ್ತಿ ಲೋಡಿಗೆ 1440. ತಗಡಿನ ಮೇಲೆ ಇರುವುದು ಪೂರ್ತಿ ಲೋಡಿನ ಅಂಕಿ. ದೊಡ್ಡ ಮೋಟಾರುಗಳಲ್ಲಿ ಸ್ಲಿಪ್ ಕಡಿಮೆ, ನೂರಕ್ಕೆ 1ರ ಆಸುಪಾಸು. ಅದಕ್ಕೇ ಅವುಗಳ ಮೇಲೆ 1480, 1485 ಅಂತೆಲ್ಲ ಕಾಣುತ್ತದೆ. ಚಿಕ್ಕ ಮೋಟಾರುಗಳಲ್ಲಿ ಜಾಸ್ತಿ, 1400ಕ್ಕಿಂತ ಕೆಳಗೂ ಇರಬಹುದು. ತಗಡಿನ ವೇಗ ನೋಡಿ ಪೋಲ್ ಹೇಳಬೇಕಾದರೆ ಅದರ ಮೇಲಿನ ಮೊದಲ ಸಿಂಕ್ರೊನಸ್ ಮೆಟ್ಟಿಲನ್ನು ಹಿಡಿಯಿರಿ. 1390 ಇದ್ದರೆ ಮೇಲಿರುವುದು 1500, ಹಾಗಾಗಿ ನಾಲ್ಕು ಪೋಲ್. 935 ಇದ್ದರೆ ಮೇಲೆ 1000, ಆರು ಪೋಲ್.

ಸ್ಲಿಪ್‌ನಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. 1440ರಲ್ಲಿ ಓಡುತ್ತಿರುವ ರೋಟರಿನ ಕಂಬಿಗಳೊಳಗಿನ ಕರೆಂಟಿನ ಫ್ರೀಕ್ವೆನ್ಸಿ 50 ಅಲ್ಲ, 50ರ ನೂರಕ್ಕೆ 4, ಅಂದರೆ ಬರೀ 2 ಹರ್ಟ್ಜ್. ಸ್ವಿಚ್ ಹಾಕಿದ ಕ್ಷಣದಲ್ಲಿ ರೋಟರ್ ನಿಂತಿರುತ್ತದೆ, ಸ್ಲಿಪ್ ನೂರಕ್ಕೆ ನೂರು. ಆಗ ಕಂಬಿಗಳಲ್ಲಿ ಪೂರ್ತಿ 50 ಹರ್ಟ್ಜಿನ ಕರೆಂಟು ಭೋರ್ಗರೆಯುತ್ತದೆ. ಮೋಟಾರು ಹೊರಡುವಾಗ ಮಾಮೂಲಿನ ಐದಾರು ಪಟ್ಟು ಕರೆಂಟು ಎಳೆಯುವುದು, ದೀಪಗಳು ಒಮ್ಮೆ ಮಂಕಾಗುವುದು ಇದರಿಂದಲೇ.

ಸ್ಲಿಪ್ಪನ್ನು ಕಣ್ಣಾರೆ ನೋಡಬಹುದು. ಷಾಫ್ಟಿನ ತುದಿಗೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಅದೇ 50 ಹರ್ಟ್ಜಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುವ ನಿಯಾನ್ ದೀಪದಡಿ ದೂರದಿಂದ ನೋಡಿ. ನಾಲ್ಕು ಪೋಲಿನ ಮೋಟಾರು ಸರಿಯಾಗಿ 1500ರಲ್ಲಿ ಇದ್ದಿದ್ದರೆ ಒಂದು ಮಿನುಗಿನಿಂದ ಇನ್ನೊಂದಕ್ಕೆ ಕಾಲು ಸುತ್ತು ಆಗುತ್ತಿತ್ತು. ಒಂದು ಗೆರೆ ನಾಲ್ಕು ಗೆರೆಯಾಗಿ, ಕೂಡಿಸುವ ಚಿಹ್ನೆಯ ಹಾಗೆ ನಿಶ್ಚಲವಾಗಿ ಕಾಣುತ್ತಿತ್ತು. ನಿಜದಲ್ಲಿ ಆ ಚಿಹ್ನೆ ಮೆಲ್ಲಗೆ ಹಿಂದಕ್ಕೆ ತಿರುಗುತ್ತಿರುತ್ತದೆ. ಸೆಕೆಂಡಿಗೆ ಒಂದು ಗೆರೆ ಒಂದು ಗುರುತನ್ನು ದಾಟಿದರೆ ನಿಮಿಷಕ್ಕೆ 60 ಗೆರೆ, ಅಂದರೆ 15 ಸುತ್ತು. ಮೋಟಾರು 1485ರಲ್ಲಿ ಓಡುತ್ತಿದೆ. ಲೋಡ್ ಹಾಕುತ್ತಾ ಹೋದಂತೆ ಹಿಂದಕ್ಕೆ ತಿರುಗುವುದು ಚುರುಕಾಗುತ್ತದೆ. ಸೂತ್ರದಲ್ಲಿದ್ದ ಸ್ಲಿಪ್ ಕಣ್ಣೆದುರು ನಡೆದುಕೊಂಡು ಹೋಗುವುದನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಒಂದು ಎಚ್ಚರ: ಇಂಥ ದೀಪದಡಿ ತಿರುಗುವ ಷಾಫ್ಟ್ ನಿಂತ ಹಾಗೆ ಕಾಣುತ್ತದೆ. ಕೈ ಹತ್ತಿರ ಒಯ್ಯಲೇಬೇಡಿ.

ಸ್ಲಿಪ್ಪಿಗೆ ಬೆಲೆ ತೆರಬೇಕು. ರೋಟರಿಗೆ ದಾಟಿದ ಶಕ್ತಿಯಲ್ಲಿ ಸ್ಲಿಪ್ ಎಷ್ಟೋ ಅಷ್ಟು ಭಾಗ ಕಂಬಿಗಳಲ್ಲೇ ಶಾಖವಾಗುತ್ತದೆ. 10 ಕಿಲೋವ್ಯಾಟ್ ದಾಟಿದರೆ, ನೂರಕ್ಕೆ 4ರ ಸ್ಲಿಪ್ಪಿನಲ್ಲಿ 400 ವ್ಯಾಟ್ ಬಿಸಿ. ಈ ಒಂದು ಲೆಕ್ಕ ನೆನಪಿದ್ದರೆ ಮುಂದಿನ ಎಷ್ಟೋ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ.

ವೋಲ್ಟೇಜ್ ಇಳಿಸಿದರೆ ವೇಗ ಇಳಿಯುವುದಿಲ್ಲವೇ?

ಸಿಂಕ್ರೊನಸ್ ವೇಗದ ಸೂತ್ರವನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ವೋಲ್ಟೇಜ್ ಇಲ್ಲವೇ ಇಲ್ಲ. ವೋಲ್ಟೇಜ್ ಇಳಿದರೆ ಮೋಟಾರಿನ ತಾಕತ್ತು ಇಳಿಯುತ್ತದೆ, ಅದೂ ವರ್ಗದ ಲೆಕ್ಕದಲ್ಲಿ. ವೋಲ್ಟೇಜ್ ನೂರಕ್ಕೆ 80 ಆದರೆ ಅದೇ ಸ್ಲಿಪ್ಪಿನಲ್ಲಿ ಟಾರ್ಕ್, ಅಂದರೆ ತಿರುಚುವ ಬಲ, ನೂರಕ್ಕೆ 64 ಮಾತ್ರ. ಲೋಡ್ ಅಷ್ಟೇ ಇದ್ದರೆ ರೋಟರ್ ಇನ್ನಷ್ಟು ಹಿಂದೆ ಬಿದ್ದು ಬಲ ಕೂಡಿಸಿಕೊಳ್ಳಬೇಕು. 1440 ಇದ್ದದ್ದು 1400ರ ಹತ್ತಿರಕ್ಕೆ ಬರಬಹುದು. ವೇಗ ಇಳಿದದ್ದು ಅಷ್ಟೇ, ಕರೆಂಟು ಮತ್ತು ಬಿಸಿ ಮಾತ್ರ ಜೋರಾಗಿ ಏರಿತು. ವೋಲ್ಟೇಜ್ ಕಡಿಮೆ ಇರುವ ಕಡೆ ಮೋಟಾರುಗಳು ಸುಟ್ಟುಹೋಗುವುದಕ್ಕೆ ಇದೇ ದೊಡ್ಡ ಕಾರಣ.

ಸೀಲಿಂಗ್ ಫ್ಯಾನಿನ ರೆಗ್ಯುಲೇಟರ್ ಮಾಡುವುದು ವೋಲ್ಟೇಜ್ ಇಳಿಸುವ ಕೆಲಸವನ್ನೇ, ಆದರೂ ಫ್ಯಾನ್ ನಿಧಾನವಾಗುತ್ತದೆ. ಫ್ಯಾನಿಗೆ ನಿಧಾನವಾದಂತೆ ಗಾಳಿಯ ತಡೆಯೂ ತೀರಾ ಕಡಿಮೆಯಾಗುತ್ತದೆ, ಅದರ ಮೋಟಾರನ್ನೂ ದೊಡ್ಡ ಸ್ಲಿಪ್ಪಿಗೆ ಒಗ್ಗುವಂತೆ ಮಾಡಿರುತ್ತಾರೆ. ಅದು ಚಿಕ್ಕ ಮೋಟಾರು, ಬಿಸಿ ತಾಳಿಕೊಳ್ಳುತ್ತದೆ. ಅಂದಹಾಗೆ ಇಂಡಕ್ಷನ್ ಮೋಟಾರಿನ ಸೀಲಿಂಗ್ ಫ್ಯಾನಿನಲ್ಲಿ ಸ್ಟೇಟರ್ ಒಳಗೆ, ರೋಟರ್ ಹೊರಗೆ. 14 ಪೋಲ್, 16 ಪೋಲ್ ಹೀಗೆ ತುಂಬಾ ಪೋಲ್‌ಗಳನ್ನು ಇಟ್ಟಿರುತ್ತಾರೆ. 14 ಪೋಲಿಗೆ 50 ಹರ್ಟ್ಜಿನಲ್ಲಿ ಸುಮಾರು 429 ಸುತ್ತು. ಗೇರು, ಬೆಲ್ಟು ಏನೂ ಇಲ್ಲದೆ ರೆಕ್ಕೆಗಳು ಹಿತವಾಗಿ ತಿರುಗುವುದು ಪೋಲ್‌ಗಳ ದೆಸೆಯಿಂದ.

ಪೋಲ್ ಜಾಸ್ತಿ ಮಾಡಿದರೆ ವೇಗ ಹೋಯಿತು, ಬದಲಿಗೆ ಏನು ಬಂತು? ತಿರುಚುವ ಬಲ. 7.5 ಕಿಲೋವ್ಯಾಟಿನ ಮೋಟಾರು 2880ರಲ್ಲಿ ಕೊಡುವುದು ಸುಮಾರು 25 ನ್ಯೂಟನ್ ಮೀಟರ್ ಟಾರ್ಕ್. 1440ರದು 50, 960ರದು 75. ಟಾರ್ಕ್ ಜಾಸ್ತಿ ಬೇಕೆಂದರೆ ಕಬ್ಬಿಣ, ತಾಮ್ರ ಎರಡೂ ಜಾಸ್ತಿ ಬೇಕು. ಅದಕ್ಕೇ ಒಂದೇ ಕಿಲೋವ್ಯಾಟಿನ ಎರಡು ಮೋಟಾರು ಪಕ್ಕಪಕ್ಕ ಇಟ್ಟರೆ ನಿಧಾನದ್ದು ದಪ್ಪಗೆ, ಭಾರವಾಗಿ ಇರುತ್ತದೆ.

ಹೀಗಿರುವಾಗ ಮೋಟಾರು ಬದಲಿಸುವವರು ಕಿಲೋವ್ಯಾಟ್ ಒಂದನ್ನೇ ನೋಡಿ ತರುವುದು ದೊಡ್ಡ ತಪ್ಪು. ಒಂದು ಬ್ಲೋವರ್ 960ರ ಮೋಟಾರಿನಲ್ಲಿ ಓಡುತ್ತಿತ್ತು ಅನ್ನಿ. ಅಷ್ಟೇ ಕಿಲೋವ್ಯಾಟಿನ 1440ರದನ್ನು ನೇರವಾಗಿ ಕೂರಿಸಿದರೆ ವೇಗ ಒಂದೂವರೆ ಪಟ್ಟು. ಗಾಳಿ ತಳ್ಳುವ ಯಂತ್ರಕ್ಕೆ ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. 1.5 × 1.5 × 1.5, ಅಂದರೆ ಮೂರು ಪಟ್ಟಿಗಿಂತಲೂ ಜಾಸ್ತಿ. ಮೋಟಾರು ಓವರ್‌ಲೋಡ್ ಆಗಿ ಟ್ರಿಪ್ ಆದರೆ ಪುಣ್ಯ.

ಫ್ರೀಕ್ವೆನ್ಸಿ ಬದಲಾದರೆ

ಪೋಲ್ ಮೋಟಾರಿನೊಳಗೆ ಕೂತುಬಿಟ್ಟಿದೆ. ಫ್ರೀಕ್ವೆನ್ಸಿ ಹೊರಗಿನಿಂದ ಬರುತ್ತದೆ. ಲೋಕದಲ್ಲಿ ಎರಡು ಫ್ರೀಕ್ವೆನ್ಸಿ ಬೇರೂರಿವೆ, 50 ಮತ್ತು 60. ಜಪಾನಿನಲ್ಲಂತೂ ಒಂದೇ ದೇಶದಲ್ಲಿ ಎರಡೂ ಇವೆ. 19ನೇ ಶತಮಾನದ ಕೊನೆಗೆ ಟೋಕಿಯೊ ಕಡೆಗೆ ಜರ್ಮನಿಯ 50 ಹರ್ಟ್ಜಿನ ಜನರೇಟರ್‌ಗಳು ಬಂದವು, ಒಸಾಕಾ ಕಡೆಗೆ ಅಮೆರಿಕದ 60 ಹರ್ಟ್ಜಿನವು. ಅಂದಿನ ಆ ಖರೀದಿಗಳಿಂದ ಇವತ್ತಿಗೂ ದೇಶದ ಪೂರ್ವ 50, ಪಶ್ಚಿಮ 60. ನಾಲ್ಕು ಪೋಲಿನ ಒಂದೇ ಮೋಟಾರಿನ ಕಾಂತಕ್ಷೇತ್ರ ಒಂದು ಕಡೆ 1500ರಲ್ಲಿ ಸುತ್ತುತ್ತದೆ, ಇನ್ನೊಂದು ಕಡೆ 1800ರಲ್ಲಿ.

50ರ ಪಂಪನ್ನು 60ಕ್ಕೆ ಜೋಡಿಸಿದರೆ ವೇಗ 1.2 ಪಟ್ಟು, ಬೇಕಾದ ಶಕ್ತಿ ಸುಮಾರು 1.73 ಪಟ್ಟು. ಕಷ್ಟ ಲೋಡಿನ ಕಡೆಯಿಂದ ಬರುತ್ತದೆ. 60ರ ಮೋಟಾರನ್ನು ಅದೇ ವೋಲ್ಟೇಜಿನಲ್ಲಿ 50ಕ್ಕೆ ಜೋಡಿಸಿದರೆ ಕಷ್ಟ ಮೋಟಾರಿನೊಳಗೇ ಹುಟ್ಟುತ್ತದೆ. ಫ್ರೀಕ್ವೆನ್ಸಿ ಇಳಿದರೆ ಒಂದೊಂದು ಸೈಕಲ್ಲಿಗೂ ಸಿಗುವ ಸಮಯ ಜಾಸ್ತಿ. ಅಷ್ಟು ಸಮಯದಲ್ಲಿ ಕಬ್ಬಿಣದೊಳಗೆ ಕಾಂತರೇಖೆಗಳು ನೂರಕ್ಕೆ 20ರಷ್ಟು ಹೆಚ್ಚು ತುಂಬಿಕೊಳ್ಳಲು ನೋಡುತ್ತವೆ. ಮೊದಲೇ ತುಂಬುವ ಅಂಚಿನಲ್ಲಿದ್ದ ಕಬ್ಬಿಣ ಅಷ್ಟನ್ನು ಹಿಡಿಸಿಕೊಳ್ಳುವುದಿಲ್ಲ. ಲೋಡ್ ಇಲ್ಲದೆಯೇ ಕರೆಂಟು ಏರುತ್ತದೆ, ಮೋಟಾರು ಗುಂಯ್ ಅನ್ನುತ್ತದೆ, ಬಿಸಿಯಾಗುತ್ತದೆ.

ಹಾಗಾಗಿ ಫ್ರೀಕ್ವೆನ್ಸಿ ಇಳಿಸುವಾಗ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕು. ವಿಎಫ್‌ಡಿ ಅಥವಾ ಡ್ರೈವ್ ಅಂತ ಕರೆಯುವ ಪೆಟ್ಟಿಗೆ ಮಾಡುವ ಮುಖ್ಯ ಕೆಲಸ ಅದೇ. ಅದು ಬಂದ ಎಸಿಯನ್ನು ಮೊದಲು ಡಿಸಿ ಮಾಡಿ, ಮತ್ತೆ ನಮಗೆ ಬೇಕಾದ ಫ್ರೀಕ್ವೆನ್ಸಿಯ ಎಸಿಯಾಗಿ ಕತ್ತರಿಸಿ ಕೊಡುತ್ತದೆ. 50 ಹರ್ಟ್ಜಿಗೆ 400 ವೋಲ್ಟ್ ಅಂದರೆ ಹರ್ಟ್ಜಿಗೆ 8 ವೋಲ್ಟ್. 25ಕ್ಕೆ ಇಳಿಸಿದರೆ 200 ವೋಲ್ಟ್. ಪೂರ್ತಿ ಟಾರ್ಕ್ ಹಾಗೇ ಉಳಿಯುತ್ತದೆ. 2000 ಸುತ್ತು ಬೇಕು ಅಂದಿದ್ದಿರಲ್ಲ, ಎರಡು ಪೋಲಿನ ಮೋಟಾರಿಗೆ ಸುಮಾರು 35 ಹರ್ಟ್ಜ್ ಕೊಟ್ಟರೆ ಸಿಕ್ಕಿತು. ಮೆಟ್ಟಿಲುಗಳಿದ್ದ ಜಾಗದಲ್ಲಿ ಇಳಿಜಾರು ಬಂತು.

ಡ್ರೈವಿನಲ್ಲಿ ಸ್ಲಿಪ್ ಏನಾಗುತ್ತದೆ ಅನ್ನುವುದು ನನಗೆ ತುಂಬಾ ಇಷ್ಟವಾದ ವಿಷಯ. ಟಾರ್ಕ್ ಅಷ್ಟೇ ಇದ್ದರೆ ಕಂಬಿಗಳಲ್ಲಿ ಅಷ್ಟೇ ಕರೆಂಟು ಬೇಕು, ಅದಕ್ಕೆ ಅಷ್ಟೇ 2 ಹರ್ಟ್ಜ್ ಬೇಕು. ಹಾಗಾಗಿ ಯಾವ ಫ್ರೀಕ್ವೆನ್ಸಿಯಲ್ಲೂ ರೋಟರ್ ಹಿಂದೆ ಬೀಳುವುದು ಅದೇ 60 ಸುತ್ತು. 50ರಲ್ಲಿ 1500ಕ್ಕೆ 1440. 25ರಲ್ಲಿ 750ಕ್ಕೆ 690. 5 ಹರ್ಟ್ಜಿಗೆ ಇಳಿಸಿದರೆ 150ಕ್ಕೆ 90. ಮೇಲೆ ಗಮನಕ್ಕೇ ಬಾರದ 60 ಸುತ್ತು ಕೆಳಗೆ ಅರ್ಧದ ಹತ್ತಿರ ನುಂಗುತ್ತದೆ. ಡ್ರೈವ್‌ಗಳಲ್ಲಿ ಸ್ಲಿಪ್ ಸರಿದೂಗಿಸುವ ಸೆಟ್ಟಿಂಗ್ ಇಟ್ಟಿರುವುದು ಇದಕ್ಕೇ. ನಿಧಾನವಾಗಿ ಓಡುವಾಗ ಷಾಫ್ಟಿಗೇ ಕಟ್ಟಿದ ತಂಪಾಗಿಸುವ ಫ್ಯಾನೂ ನಿಧಾನವಾಗುತ್ತದೆ. ಪೂರ್ತಿ ಲೋಡಿನಲ್ಲಿ ತುಂಬಾ ಹೊತ್ತು ಹೀಗೆ ಓಡಿಸಬೇಕಾದರೆ ಬೇರೆ ಫ್ಯಾನ್ ಕಟ್ಟಬೇಕು.

50ಕ್ಕಿಂತ ಮೇಲೂ ಹೋಗಬಹುದು. ಆದರೆ ಲೈನಿನ ವೋಲ್ಟೇಜಿಗಿಂತ ಜಾಸ್ತಿ ಡ್ರೈವ್ ಕೊಡಲಾರದು. ಫ್ರೀಕ್ವೆನ್ಸಿ ಏರಿ ವೋಲ್ಟೇಜ್ ಅಲ್ಲೇ ನಿಂತರೆ ಕ್ಷೇತ್ರ ತೆಳುವಾಗಿ ಟಾರ್ಕ್ ಕಡಿಮೆಯಾಗುತ್ತದೆ. ಮೊದಲಿನಿಂದಲೇ ಹೆಚ್ಚಿನ ಫ್ರೀಕ್ವೆನ್ಸಿಗೆ ಮಾಡಿದ ಮೋಟಾರುಗಳೂ ಇವೆ. ವಿಮಾನಗಳಲ್ಲಿ 400 ಹರ್ಟ್ಜ್ ಬಳಸುತ್ತಾರೆ. ಅಲ್ಲಿ ನಾಲ್ಕು ಪೋಲಿನ ಸಿಂಕ್ರೊನಸ್ ವೇಗವೇ 12000. ಅದೇ ಶಕ್ತಿಗೆ ಮೋಟಾರು ಚಿಕ್ಕದಾಗಿ, ಹಗುರವಾಗಿ ಬರುತ್ತದೆ.

ಡ್ರೈವ್ ಇಲ್ಲದ ಕಾಲದಲ್ಲಿ ವೇಗ ಬದಲಿಸಬೇಕೆಂದರೆ ಪೋಲನ್ನೇ ಬದಲಿಸುತ್ತಿದ್ದರು. ಸ್ವೀಡನ್ನಿನ ರಾಬರ್ಟ್ ಡಾಲಾಂಡರ್ ಹೆಸರಿನ ಜೋಡಣೆ ಇಂದಿಗೂ ಬಳಕೆಯಲ್ಲಿದೆ. ಅರ್ಧದಷ್ಟು ಕಾಯಿಲ್‌ಗಳಲ್ಲಿ ಕರೆಂಟಿನ ದಿಕ್ಕನ್ನು ಹೊರಗಿನ ಸ್ವಿಚ್ಚಿನಿಂದ ತಿರುಗಿಸಿದರೆ ನಾಲ್ಕು ಪೋಲ್ ಎಂಟಾಗುತ್ತದೆ, 1500 ಹೋಗಿ 750. ಸ್ಟೇಟರಿನಲ್ಲಿ ಪೋಲ್ ಬದಲಾದರೆ ರೋಟರಿನಲ್ಲೂ ಏನಾದರೂ ಬದಲಿಸಬೇಕಲ್ಲ? ಬೇಡ. ಪಂಜರಕ್ಕೆ ತನ್ನದೇ ಆದ ಪೋಲ್ ಇಲ್ಲ. ಸ್ಟೇಟರ್ ಎಷ್ಟು ಪೋಲ್ ತೋರಿಸುತ್ತದೋ ಅಷ್ಟನ್ನೇ ಅದರ ಕಂಬಿಗಳ ಕರೆಂಟು ತಂತಾನೇ ಮೂಡಿಸಿಕೊಳ್ಳುತ್ತದೆ.

ಕೊನೆಯದಾಗಿ ಒಂದು ಪ್ರಶ್ನೆ. ಹೊರಗಿನಿಂದ ಯಾರಾದರೂ ಷಾಫ್ಟನ್ನು ತಿರುಗಿಸಿ 1500 ದಾಟಿಸಿಬಿಟ್ಟರೆ? ಆಗ ರೋಟರ್ ಕ್ಷೇತ್ರಕ್ಕಿಂತ ಮುಂದೆ ಓಡುತ್ತದೆ. ಕಂಬಿಗಳಲ್ಲಿ ಕರೆಂಟಿನ ದಿಕ್ಕು ತಿರುಗುತ್ತದೆ, ಬಲ ತಡೆಯುವ ಕಡೆಗೆ ಬರುತ್ತದೆ, ಶಕ್ತಿ ಷಾಫ್ಟಿನಿಂದ ಲೈನಿಗೆ, ನಡುವೆ ಡ್ರೈವ್ ಇದ್ದರೆ ಡ್ರೈವಿಗೆ, ವಾಪಸ್ ಹರಿಯುತ್ತದೆ. ಭಾರದ ಲಿಫ್ಟ್ ಕೆಳಗಿಳಿಯುವಾಗ, ಡ್ರೈವ್ ಫ್ರೀಕ್ವೆನ್ಸಿಯನ್ನು ಥಟ್ಟನೆ ಇಳಿಸಿದಾಗ ಹೀಗಾಗುತ್ತದೆ. 1440ರಲ್ಲಿ ಮೋಟಾರಾಗಿದ್ದದ್ದು 1560ರ ಹತ್ತಿರ ಜನರೇಟರ್. ಹಿಂದೆ 60, ಮುಂದೆ 60. ಹಳೆಯ ಬಗೆಯ ಎಷ್ಟೋ ಗಾಳಿಯಂತ್ರಗಳಲ್ಲಿ ಇದ್ದದ್ದು ಇಂಥ ಇಂಡಕ್ಷನ್ ಜನರೇಟರೇ, ಅದೂ ಆರು ಮತ್ತು ನಾಲ್ಕು ಪೋಲ್‌ಗಳ ನಡುವೆ ಬದಲಿಸಬಹುದಾದದ್ದು. 50 ಹರ್ಟ್ಜಿನ ಲೈನಿಗೆ ಜೋಡಿಸಿದಾಗ, ಗಾಳಿ ಮಂದವಾಗಿದ್ದರೆ ಅದು 1000ಕ್ಕಿಂತ ತುಸು ಮೇಲೆ ಓಡುತ್ತಿತ್ತು. ಗಾಳಿ ಜೋರಾದರೆ ಪೋಲ್ ಬದಲಿಸಿಕೊಂಡು 1500ಕ್ಕಿಂತ ತುಸು ಮೇಲೆ.